‘ಎಷ್ಟು ಕೆ ಇರಬೇಕು ಅಣ್ಣ?’

ಓದುಗರ ಪ್ರಶ್ನೆ: ‘ಅಣ್ಣ, ನನ್ನ ಎಲೆಕ್ಟ್ರಿಕ್ ಗಿಟಾರಿನ ಒಂದು ಪಿಕಪ್ ಸತ್ತು ಹೋಗಿದೆ. ನಾನೇ ಸುತ್ತೋಣ ಅಂತಿದ್ದೀನಿ. ಸೌಂಡ್ ಜಾಸ್ತಿ ಬರಬೇಕಾದರೆ ಎಷ್ಟು ಕೆ ಇರಬೇಕು? ಯಾವ ತಂತಿ, ಯಾವ ಮ್ಯಾಗ್ನೆಟ್ ತಗೋಬೇಕು?’

ಕೇಳುವವರು ಬದಲಾಗುತ್ತಾರೆ, ‘ಎಷ್ಟು ಕೆ’ ಮಾತ್ರ ಬದಲಾಗುವುದಿಲ್ಲ. ನಾನು ಕೋಲಾರದಲ್ಲಿ ಬೋರ್‌ವೆಲ್ ಮೋಟರ್ ಸುತ್ತುವವನು. ಕೆಜಿಎಫ್ ಕಡೆಯಿಂದ ಕ್ರಿಸ್‌ಮಸ್‌ಗೆ ಮುಂಚೆ ಚರ್ಚಿನ ಹುಡುಗರು ಗಿಟಾರ್ ಹೊತ್ತು ತರುತ್ತಾರೆ. ‘ಅಷ್ಟು ದೊಡ್ಡ ಮೋಟರ್ ಸುತ್ತೀರಿ, ಇದೇನು ಮಹಾ’ ಅಂತ ಶುರುವಾಗಿದ್ದು ಇದು. ಮಹಾ ಅಂತ ಆಮೇಲೆ ಗೊತ್ತಾಯಿತು.

ಪಿಕಪ್ ಅಂದರೆ ಗಿಟಾರ್ ತಂತಿಗಳ ಕೆಳಗೆ ಕೂತು, ಅವುಗಳ ನಡುಕವನ್ನು ಹಿಡಿದು ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುವ ಮ್ಯಾಗ್ನೆಟ್ ಮತ್ತು ತಂತಿಸುತ್ತು, ಅಂದರೆ ಕಾಯಿಲ್. ಮೊದಲು ಅದು ನಿಜವಾಗಿ ಸತ್ತಿದೆಯಾ ನೋಡಿ. ಅದರ ಎರಡು ತಂತಿಗಳನ್ನು ಸ್ವಿಚ್ಚಿನಿಂದ ಬಿಡಿಸಿ, ಮಲ್ಟಿಮೀಟರ್ ಹಿಡಿಯಿರಿ. ಬಿಡಿಸದೆ ಹಿಡಿದರೆ ವಾಲ್ಯೂಮ್ ಪಾಟ್ (ಸೌಂಡ್ ಏರಿಸಿ ಇಳಿಸುವ ತಿರುಗುಗುಂಡಿ) ಕೂಡ ಲೆಕ್ಕಕ್ಕೆ ಸೇರಿಕೊಂಡು ಸುಳ್ಳು ಹೇಳುತ್ತದೆ. ಮೀಟರ್ ಏನಾದರೂ ಅಂಕಿ ತೋರಿಸಿದರೆ ತಪ್ಪು ಬಹುಶಃ ಜ್ಯಾಕ್‌ನಲ್ಲೋ ಸ್ವಿಚ್‌ನಲ್ಲೋ ಇದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಅದೂ ಎಷ್ಟೋ ಸಲ ಬೆಸುಗೆ ಹಾಕಿದ ಕಡೆಯೇ ತುಂಡಾಗಿರುತ್ತದೆ. ಹೊರಗಿನ ತುದಿಯಾದರೆ ನಾಲ್ಕು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಮುಗಿಯಿತು. ಬ್ಲೇಡ್ ತಗೊಂಡು ಇಡೀ ಕಾಯಿಲ್ ಕತ್ತರಿಸಿ ಹಾಕಿದ ಮೇಲೆ ನನ್ನ ಹತ್ತಿರ ತರಬೇಡಿ. ಅಳು ಬರುತ್ತದೆ.

ಈಗ ಆ ‘ಕೆ’ ವಿಷಯ.

ಕೆ ಅಂದರೆ ಕಿಲೋ ಓಮ್. ಕಾಯಿಲ್‌ನ ತಾಮ್ರದ ತಂತಿ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವ ಅಳತೆ. ಅಡ್ಡಿ ಜಾಸ್ತಿಯಾದರೆ ಸೌಂಡ್ ಜಾಸ್ತಿ ಹೇಗಾಗುತ್ತದೆ, ನೀವೇ ಹೇಳಿ. ಮೋಟರ್ ವಿಷಯದಲ್ಲಿ ಈ ಮಾತು ಯಾರೂ ಆಡುವುದಿಲ್ಲ. 5 ಎಚ್‌ಪಿ ಮೋಟರಿನ ಸುತ್ತು ಅಳೆದರೆ ಬೆರಳೆಣಿಕೆಯ ಓಮ್ ಬರುತ್ತದೆ. ಮನೆಯ ಸೀಲಿಂಗ್ ಫ್ಯಾನ್ ಅಳೆದರೆ ನೂರಾರು ಓಮ್. ಹಾಗಾದರೆ ಫ್ಯಾನೇ ಬಲಶಾಲಿ, ಬೋರ್‌ವೆಲ್‌ಗೆ ಅದನ್ನೇ ಇಳಿಸೋಣ ಅಲ್ವಾ?

ಪಿಕಪ್ ಕೆಲಸ ಮಾಡುವುದು ಹೀಗೆ. ಮ್ಯಾಗ್ನೆಟ್ ಪಕ್ಕದಲ್ಲಿ ಗಿಟಾರಿನ ಉಕ್ಕಿನ ತಂತಿ ನಡುಗಿದಾಗ ಕಾಯಿಲ್ ಒಳಗಿನ ಕಾಂತಕ್ಷೇತ್ರ ಹೆಚ್ಚು ಕಮ್ಮಿ ಆಗುತ್ತದೆ. ಆಗ ಒಂದೊಂದು ಸುತ್ತಿನಲ್ಲೂ ಚೂರು ಚೂರು ವೋಲ್ಟೇಜ್ ಹುಟ್ಟುತ್ತದೆ. ಸುತ್ತು ಎಷ್ಟಿವೆ, ಮ್ಯಾಗ್ನೆಟ್ ಎಷ್ಟು ಬಲದ್ದು, ಕಾಯಿಲ್ ಎತ್ತರವಾಗಿದೆಯೋ ಚಪ್ಪಟೆಯಾಗಿದೆಯೋ, ಗಿಟಾರ್ ತಂತಿಗೆ ಎಷ್ಟು ಹತ್ತಿರ ಇದೆ, ಲೆಕ್ಕಕ್ಕೆ ಬರುವುದು ಇವು. ಓಮ್ ಇಲ್ಲಿ ಎಲ್ಲೂ ಇಲ್ಲ. ಆಂಪ್‌ನ ಬಾಯಿ, ಅಂದರೆ ಗಿಟಾರ್ ಸಿಕ್ಕಿಸುವ ಇನ್‌ಪುಟ್, ಸಾಮಾನ್ಯವಾಗಿ 10 ಲಕ್ಷ ಓಮ್ ಇರುತ್ತದೆ. ಅದರ ಮುಂದೆ ನಿಮ್ಮ 6 ಸಾವಿರ, 8 ಸಾವಿರದ ವ್ಯತ್ಯಾಸ ಕಿವಿಗೆ ಕೇಳಿಸುವಂಥದ್ದಲ್ಲ.

ನಂಬಿಕೆ ಬರಲಿಲ್ಲವಾ? ಒಂದು ಸಿಂಗಲ್ ಕಾಯಿಲ್ ಪಿಕಪ್ ತಗೊಳ್ಳಿ. 42 ಎ.ಡಬ್ಲ್ಯೂ.ಜಿ. (ಅಮೆರಿಕದ ಗೇಜ್, ನಂಬರ್ ಏರಿದಷ್ಟೂ ತಂತಿ ಸಣ್ಣ) ತಂತಿ, ಸುಮಾರು 8,000 ಸುತ್ತು. ಮೀಟರ್ 6 ಕೆ ಆಸುಪಾಸು ತೋರಿಸುತ್ತದೆ. ಅದೇ 8,000 ಸುತ್ತನ್ನು ಒಂದು ನಂಬರ್ ಸಣ್ಣ ತಂತಿ, ಅಂದರೆ 43ರಲ್ಲಿ ಸುತ್ತಿ. ಏಳೂವರೆ ಕೆ ಆಗುತ್ತದೆ. ಸುತ್ತು ಅಷ್ಟೇ, ಮ್ಯಾಗ್ನೆಟ್ ಅದೇ, ಸೌಂಡೂ ಹೆಚ್ಚು ಕಮ್ಮಿ ಅಷ್ಟೇ. ಕೆ ಮಾತ್ರ ಏರಿತು.

ಹಳೆ ಮಾದರಿಯ ಟೆಲಿಕಾಸ್ಟರ್ ಗಿಟಾರ್ ನೋಡಿ, ಅದಕ್ಕೆ ಎರಡು ಪಿಕಪ್. ಕುತ್ತಿಗೆ ಕಡೆಯ ಪಿಕಪ್ಪಿಗೆ ಸಣ್ಣ 43ನೇ ತಂತಿ, ಏಳೂವರೆ ಕೆ. ಬ್ರಿಡ್ಜ್ (ತಂತಿಗಳು ಗಿಟಾರಿನ ಮೈಗೆ ಕೂರುವ ಜಾಗ) ಕಡೆಯದಕ್ಕೆ 42, ಏಳು ಕೆ. ಕೆ ಲೆಕ್ಕದಲ್ಲಿ ಕುತ್ತಿಗೆಯದ್ದೇ ಜೋರು ಇರಬೇಕಿತ್ತು. ಬಾರಿಸಿದವರನ್ನು ಕೇಳಿ, ಕಚ್ಚುವುದು ಯಾವುದು ಅಂತ.

ಇನ್ನೊಂದು ಪರೀಕ್ಷೆಗೆ ಏನೂ ಖರ್ಚಿಲ್ಲ. ತಾಮ್ರದ ಓಮ್ ಬಿಸಿಲಿಗೆ ಏರುತ್ತದೆ, ಡಿಗ್ರಿಗೆ ಶೇಕಡಾ 0.39ರಷ್ಟು. ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ ಚಳಿಯಲ್ಲಿ 6.0 ಕೆ ತೋರಿಸಿದ ಪಿಕಪ್, ಏಪ್ರಿಲ್ ಮಧ್ಯಾಹ್ನ 36 ಡಿಗ್ರಿಯಲ್ಲಿ 6.5 ಕೆ ತೋರಿಸುತ್ತದೆ. ಬೇಸಿಗೆಗೆ ನಿಮ್ಮ ಗಿಟಾರ್ ಜೋರಾಯಿತಾ? ಅಂಗಡಿಗೆ ಬಂದ ಒಬ್ಬ ಹುಡುಗ ‘ನಂದು 6.4, ಫ್ರೆಂಡಿಂದು 6.1’ ಅಂತ ಎದೆಯುಬ್ಬಿಸಿ ಹೇಳಿದ. ಗಿಟಾರನ್ನು ಬಿಸಿಲಲ್ಲಿ ನಿಲ್ಲಿಸಿದ್ದ ಬೈಕ್ ಮೇಲೆ ತಂದಿದ್ದ. ನಾನು ಎರಡು ಟೀ ಹೇಳಿದೆ. ಕುಡಿದು ಮುಗಿಸಿ, ಹರಟೆ ಹೊಡೆದು ಮತ್ತೆ ಅಳೆದಾಗ ಅವನದೂ ಇಳಿದಿತ್ತು.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಮಲ್ಟಿಮೀಟರ್ ಎಲ್ಲರ ಹತ್ತಿರ ಇದೆ, ಅದು ಅಳೆಯುವುದು ಓಮ್. ಕೈಗೆ ಸಿಕ್ಕಿದ ಅಂಕಿಯೇ ದೇವರಾಯಿತು. ಅದೇ ಬಾಬಿನ್ (ಕಾಯಿಲ್ ಸುತ್ತುವ ಚೌಕಟ್ಟು), ಅದೇ ತಂತಿ, ಅದೇ ಮ್ಯಾಗ್ನೆಟ್ ಇದ್ದರೆ ಕೆ ಜಾಸ್ತಿ ಅಂದರೆ ಸುತ್ತು ಜಾಸ್ತಿ, ಅಷ್ಟರ ಮಟ್ಟಿಗೆ ನಿಜ. ಆಗಲೂ ಸುತ್ತು ಜಾಸ್ತಿ ಮಾಡಿದರೆ ಪುಕ್ಕಟೆಯಲ್ಲ. ಇಂಡಕ್ಟೆನ್ಸ್ ಏರುತ್ತದೆ, ಮೇಲಿನ ಸಣ್ಣ ಸ್ವರದ ಹೊಳಪು ಹೋಗುತ್ತದೆ, ಕಂಬಳಿ ಹೊದಿಸಿದಂತೆ ಆಗುತ್ತದೆ. ಅಳೆಯಲೇಬೇಕು ಅಂದರೆ ಎಲ್‌ಸಿಆರ್ ಮೀಟರ್ ತಂದು ಹೆನ್ರಿ, ಅಂದರೆ ಆ ಇಂಡಕ್ಟೆನ್ಸ್ ಎಷ್ಟು ಅಂತ ಅಳೆಯಿರಿ. ಸ್ಟ್ರಾಟ್ (ಸ್ಟ್ರಾಟೊಕಾಸ್ಟರ್ ಗಿಟಾರ್) ಥರದ ಸಿಂಗಲ್ ಕಾಯಿಲ್‌ಗೆ ಎರಡೂವರೆ ಹೆನ್ರಿ ಹತ್ತಿರ, ಹಳೆ ನಮೂನೆಯ ಎರಡು ಕಾಯಿಲ್ಲಿನ ಹಂಬಕರ್‌ಗೆ ನಾಲ್ಕು ದಾಟುತ್ತದೆ. ಈ ಅಂಕಿ ಸ್ವರದ ಬಗ್ಗೆ ಏನಾದರೂ ಹೇಳುತ್ತದೆ. ಓಮ್ ಹೇಳುವುದು ತಂತಿ ತುಂಡಾಗಿದೆಯಾ ಇಲ್ಲವಾ ಅಂತ. ಒಳಗೆ ನಾಲ್ಕು ಸುತ್ತು ಶಾರ್ಟ್ ಆಗಿ ಸ್ವರ ಮಂಕಾಗಿದ್ದರೂ ಓಮ್ ಸುಮ್ನೆ ಮೊದಲಿನಷ್ಟೇ ತೋರಿಸುತ್ತಾ ಕೂತಿರುತ್ತದೆ.

ತಂತಿ ತಗೊಳ್ಳುವಾಗ ನಾನೇ ಬಿದ್ದ ಗುಂಡಿ ಒಂದಿದೆ. ಗಿಟಾರಿನವರು 42 ಅನ್ನುವುದು ಅಮೆರಿಕದ ಗೇಜ್, 0.063 ಮಿ.ಮೀ. ನಮ್ಮ ಅಂಗಡಿಗಳಲ್ಲಿ 42 ಅಂದರೆ ಎಸ್.ಡಬ್ಲ್ಯೂ.ಜಿ. (ಬ್ರಿಟಿಷ್ ಗೇಜ್), ಅದು 0.10 ಮಿ.ಮೀ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘42 ಗೇಜ್ ಕೊಡಿ’ ಅಂತ ಜಂಬದಿಂದ ಕೇಳಿ ತಂದೆ. ಅರ್ಧ ಸುತ್ತುವಷ್ಟರಲ್ಲಿ ಬಾಬಿನ್ ತುಂಬಿ ತುಳುಕಿತು. ಇಪ್ಪತ್ತು ವರ್ಷ ತಂತಿ ಸುತ್ತಿದವನಿಗೆ ಇದಕ್ಕಿಂತ ಅವಮಾನ ಬೇಡ. ನಮ್ಮ ಲೆಕ್ಕದಲ್ಲಿ ಅದಕ್ಕೆ ಹತ್ತಿರದ್ದು 46. ಗೇಜ್ ಹೇಳಲೇಬೇಡಿ, ಮಿಲಿಮೀಟರ್ ಹೇಳಿ. ತೂಕದಲ್ಲಿ ಒಂದು ಸಿಂಗಲ್ ಕಾಯಿಲ್‌ಗೆ ಮೂವತ್ತು ಗ್ರಾಂ ತಾಮ್ರ ಸಾಕು. ಉದ್ದದಲ್ಲಿ ಅದು ಒಂದು ಕಿಲೋಮೀಟರ್ ದಾಟುತ್ತದೆ! ತಲೆಕೂದಲಿನಷ್ಟು ಸಣ್ಣದು, ಎಳೆದರೆ ತುಂಡು. ಮೊದಲ ರೀಲಿನಲ್ಲಿ ಅರ್ಧ ಹಾಳಾಗುತ್ತದೆ ಅಂತ ಲೆಕ್ಕ ಇಟ್ಟುಕೊಂಡೇ ತನ್ನಿ.

ಎನಾಮಲ್, ಅಂದರೆ ತಂತಿಯ ಮೇಲಿನ ಲೇಪ, ಯಾವುದು ಅಂತಲೂ ಕೇಳಿ. ಪಾಲಿಯೂರಿಥೇನ್ ಆದರೆ ಬೆಸುಗೆಯ ಬಿಸಿಗೆ ಕರಗಿ ದಾರಿ ಬಿಡುತ್ತದೆ. ಫಾರ್ಮ್‌ವಾರ್ ಅಥವಾ ಹಳೆ ಸಾದಾ ಎನಾಮಲ್ ಆದರೆ ತುದಿಯನ್ನು ಕೆರೆಯಬೇಕು. ಕೂದಲನ್ನು ಕೆರೆದು ತುಂಡಾಗದಂತೆ ನೋಡಿಕೊಳ್ಳುವ ಪುಣ್ಯ ಬೇಕಿದ್ದವರು ಅದನ್ನು ತಗೊಳ್ಳಲಿ. ಹೊಸಬರಿಗೆ ಪಾಲಿಯೂರಿಥೇನೇ ಸಾಕು.

ಮ್ಯಾಗ್ನೆಟ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ನಿಕೊ ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ್ದು. ಅಲ್ನಿಕೊ 5 ಜೋರು, 2 ಸ್ವಲ್ಪ ಮೆತ್ತಗೆ. ಹಳೆ ಪಿಕಪ್ಪಿನ ಮ್ಯಾಗ್ನೆಟ್ ಸರಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಜೋರು ಬೇಕು ಅಂತ ನಿಯೋಡಿಮಿಯಂ ತುಂಡು ಅಂಟಿಸಬೇಡಿ. ಅದು ಗಿಟಾರಿನ ತಂತಿಯನ್ನೇ ಹಿಡಿದು ಎಳೆಯುತ್ತದೆ, ಮೇಲಿನ ಮನೆಗಳಲ್ಲಿ (ಫ್ರೆಟ್‌ಗಳಲ್ಲಿ) ಸ್ವರ ಓಲಾಡಿ ಶ್ರುತಿ ನಿಲ್ಲುವುದಿಲ್ಲ. ಸುತ್ತುವ ಮುಂಚೆ ಮ್ಯಾಗ್ನೆಟ್ ಕಡ್ಡಿಗಳ ಮೇಲೆ ತೆಳು ಟೇಪ್ ಒಂದು ಸುತ್ತು ಹಾಕಿ. ಇಲ್ಲದಿದ್ದರೆ ಕಡ್ಡಿಯ ತುಕ್ಕು ಒಳಗಿನ ತಂತಿಯನ್ನು ನಿಧಾನಕ್ಕೆ ತಿನ್ನುತ್ತದೆ.

ಕೊನೆಗೆ ಮೇಣ. ಕಾಯಿಲ್ ಅಲುಗಾಡಿ ಕಿರುಚದಿರಲಿ ಅಂತ ಅದರೊಳಗೆ ಮೇಣ ಇಳಿಸುತ್ತಾರೆ. ಮೋಟರಿನ ವಾರ್ನಿಷ್‌ನಲ್ಲಿ ಅದ್ದಿ ಬೇಯಿಸಿದರೆ ಮತ್ತೆಂದೂ ಬಿಚ್ಚಲು ಬರುವುದಿಲ್ಲ. ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ, 65 ಡಿಗ್ರಿ ಹತ್ತಿರ. ಪಾತ್ರೆಯನ್ನು ಬಿಸಿನೀರಿನೊಳಗೆ ಇಡಿ, ನೇರ ಒಲೆಯ ಮೇಲೆ ಬೇಡ. ಮೇಣಕ್ಕೆ ಬೆಂಕಿ ಹತ್ತುತ್ತದೆ. ಥರ್ಮಾಮೀಟರ್ ಯಾಕೆ ಅಂತ ಬಿಟ್ಟು ನಾನು ಅದ್ದಿದ ಮೊದಲ ಪ್ಲಾಸ್ಟಿಕ್ ಬಾಬಿನ್ ಹಪ್ಪಳದಂತೆ ಸೊಟ್ಟಗಾಗಿತ್ತು.

ನೀವು ಕೇಳಲಿಲ್ಲ, ಆದರೆ ಪಿಕಪ್ ಕೂರಿಸಿದ ಮರುದಿನವೇ ‘ಗುಂಯ್ ಅಂತಿದೆ’ ಅಂತ ಫೋನ್ ಬರುತ್ತದೆ. ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಗಿಟಾರ್ ತಂತಿ ಮುಟ್ಟಿದಾಗ ಗುಂಯ್ ಕಮ್ಮಿಯಾದರೆ ಪಿಕಪ್ಪಿನದು ತಪ್ಪಲ್ಲ. ನಿಮ್ಮ ಮೈಯೇ ಏರಿಯಲ್ ಆಗಿತ್ತು, ಮುಟ್ಟಿದಾಗ ಗ್ರೌಂಡ್‌ಗೆ ಸೇರಿತು. ಗಿಟಾರಿನ ಮೈಯಲ್ಲಿ ಪಿಕಪ್ ಕೂರುವ ಗುಂಡಿಯ ಒಳಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಬೆಸೆಯಿರಿ. ಮುಟ್ಟಿದಾಗ ಜಾಸ್ತಿಯಾದರೆ ಗ್ರೌಂಡ್ ತಂತಿ ಬಿಟ್ಟುಹೋಗಿದೆ, ಇಲ್ಲವೇ ಜ್ಯಾಕ್‌ನಲ್ಲಿ ತಂತಿ ಅದಲು ಬದಲಾಗಿದೆ. ಮುಟ್ಟಿದರೂ ಏನೂ ಆಗದೆ, ಕೂತಲ್ಲೇ ತಿರುಗಿ ಕೂತರೆ ಕಮ್ಮಿಯಾದರೆ, ಅದು ಟ್ರಾನ್ಸ್‌ಫಾರ್ಮರ್ ಕಾಂತಕ್ಷೇತ್ರದ 50 ಹರ್ಟ್ಸ್. ಅದಕ್ಕೆ ತಾಮ್ರದ ಹಾಳೆ ಏನೂ ಮಾಡಲಾರದು. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಇದಕ್ಕೇ ಹುಟ್ಟಿದ್ದು. ಎರಡು ಕಾಯಿಲ್, ಒಂದರ ಮ್ಯಾಗ್ನೆಟ್ಟೂ ಉಲ್ಟಾ, ಸುತ್ತೂ ಉಲ್ಟಾ. ಗುಂಯ್ ಒಂದನ್ನೊಂದು ಹೊಡೆದು ಹಾಕುತ್ತದೆ, ಸ್ವರ ಕೂಡಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೂ ಆಂಪ್ ಪ್ಲಗ್ಗಿನ ಮೂರನೇ ಪಿನ್ ಕಿತ್ತು ‘ಗುಂಯ್ ಹೋಯ್ತು ಅಣ್ಣ’ ಅನ್ನುವವರಿದ್ದಾರೆ. ಗಿಟಾರಿನ ಗ್ರೌಂಡ್ ಸೇರುವುದು ಆ ಪಿನ್ನಿಗೇ. ಆಂಪ್ ಒಳಗೆ ಏನಾದರೂ ಕೆಟ್ಟರೆ ಕರೆಂಟ್ ನಿಮ್ಮ ಬೆರಳಿನ ತನಕ ಬರುತ್ತದೆ. ಪಿನ್ ವಾಪಸ್ ಹಾಕಿಸಿ, ಮನೆಯ ಅರ್ತಿಂಗ್ ಗುಂಡಿ ಬೇಸಿಗೆಗೆ ಒಣಗಿದ್ದರೆ ಎರಡು ಬಿಂದಿಗೆ ನೀರು ಹುಯ್ಯಿರಿ, ಆಮೇಲೆ ಫೋನ್ ಮಾಡಿ.