ಇತಿಹಾಸದ ವಿಡಿಯೊ ಮತ್ತು ಅದರ ಕೆಳಗಿನ ಕಮೆಂಟು: ಎರಡನ್ನೂ ಆಕರವಾಗಿ ಓದುವ ಬಗೆ

ಕರ್ನಾಟಕದ ಇತಿಹಾಸ ಕುರಿತ ಯೂಟ್ಯೂಬ್ ಸಾಕ್ಷ್ಯಚಿತ್ರಗಳನ್ನು ಅಧ್ಯಯನಕ್ಕೆ ಎತ್ತಿಕೊಂಡವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ವ್ಯೂಸ್ ಎಣಿಸಿ, ಲೈಕು ಎಣಿಸಿ, ‘ಜನ ಮೆಚ್ಚಿದ್ದಾರೆ’ ಎಂದು ಬರೆದು ಮುಗಿಸುತ್ತಾರೆ. ನೋಡುಗರು ಯಾವ ಮಾತಿಗೆ ತಕರಾರು ತೆಗೆದರು, ಯಾವುದಕ್ಕೆ ಆಧಾರ ಕೇಳಿದರು, ವಿಡಿಯೊದಲ್ಲಿ ಇಲ್ಲದ ಏನನ್ನು ತಾವೇ ತಂದು ಸೇರಿಸಿದರು ಎಂಬುದರಲ್ಲಿ ಇರುವ ತಿರುಳು ಆ ಎಣಿಕೆಯಲ್ಲಿ ಇಲ್ಲ. ಆದರೆ ತಕರಾರು ಸರಿಯೋ ತಪ್ಪೋ ಎಂದು ತೂಗಬೇಕಾದರೆ ವಿಡಿಯೊದ ಮಾತು ಯಾವುದರ ಮೇಲೆ ನಿಂತಿದೆ ಎಂದು ಮೊದಲು ಗೊತ್ತಿರಬೇಕು. ಹಾಗಾಗಿ ಮೊದಲು ವಿಡಿಯೊ, ಆಮೇಲೆ ಕಮೆಂಟು.

ನಿರೂಪಣೆಯನ್ನು ಬಿಡಿಸಿಕೊಳ್ಳುವುದು

ನಿರೂಪಣೆಯನ್ನು ಪೂರ್ತಿ ಕೇಳಿ ಬರೆದುಕೊಳ್ಳಿ. ತಾನಾಗಿ ಮೂಡುವ ಸಬ್‌ಟೈಟಲ್ ನೆಚ್ಚಿಕೊಳ್ಳಬೇಡಿ, ಊರಿನ ಮತ್ತು ಅರಸರ ಹೆಸರುಗಳೇ ಅದರಲ್ಲಿ ಮೊದಲು ಕೆಡುತ್ತವೆ. ಪ್ರತಿ ವಾಕ್ಯದ ಮುಂದೆ ಅದು ಬರುವ ನಿಮಿಷ, ಸೆಕೆಂಡು ಬರೆದು ಒಂದು ಗುರುತು ಹಾಕಿ. ಶಾಸನ ಅಥವಾ ಅದೇ ಕಾಲದ ದಾಖಲೆಯಿಂದ ಬಂದಿದ್ದರೆ ‘ಶಾ’, ಜನರ ಬಾಯಲ್ಲಿ ಬಂದ ಐತಿಹ್ಯವಾದರೆ ‘ಐ’, ವಿದ್ವಾಂಸರ ಊಹೆಯಾದರೆ ‘ಊ’, ಆಧಾರವನ್ನೇ ಹೇಳದಿದ್ದರೆ ಸೊನ್ನೆ. ಹತ್ತು ನಿಮಿಷದ ವಿಡಿಯೊಗೆ ಎರಡು ಗಂಟೆಯಾದರೂ ಹಿಡಿಯುತ್ತದೆ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಅಂದಾಜಿನ ಮಾತಾಗುತ್ತದೆ.

ಬೆಂಗಳೂರಿನ ಹೆಸರನ್ನೇ ತೆಗೆದುಕೊಳ್ಳಿ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ಅರಸ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ‘ಬೆಂದಕಾಳೂರು’ ಎನ್ನುವ ಕಥೆ ವಿಡಿಯೊದಿಂದ ವಿಡಿಯೊಗೆ ದಾಟುತ್ತಲೇ ಇದೆ. ಇದು ‘ಐ’. ಇನ್ನೊಂದೆಡೆ ಬೇಗೂರಿನ ದೇವಾಲಯದ ಆವರಣದಲ್ಲಿ ಗಂಗರ ಕಾಲದ ಶಾಸನವೊಂದಿದೆ. ಅದರ ಕಾಲ ಸುಮಾರು 890. ‘ಬೆಂಗಳೂರ ಕಾಳಗ’ದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಇದು ‘ಶಾ’. ಕಥೆಯ ವೀರಬಲ್ಲಾಳ ಎಂದರೆ ಎರಡನೇ ಬಲ್ಲಾಳ ಎಂದುಕೊಂಡರೆ, ಅವನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಕಥೆಯ ಅರಸನಿಗಿಂತ ಹೆಚ್ಚುಕಡಿಮೆ 280 ವರ್ಷ ಮುಂಚೆಯೇ ಹೆಸರು ಬಳಕೆಯಲ್ಲಿತ್ತು. ಕಥೆಯ ಬಲ್ಲಾಳ ಮೂರನೆಯವನು ಎಂದುಕೊಂಡರೆ ಅಂತರ ಇನ್ನೂ ಹಿಗ್ಗುತ್ತದೆ.

ಇಲ್ಲಿ ತುಸು ನಿಲ್ಲಬೇಕು. ಬೇಗೂರಿನ ಕಲ್ಲು ಆ ಹೆಸರು ಆಗಲೇ ಇತ್ತು ಎಂದಷ್ಟೇ ಹೇಳುತ್ತದೆ, ಹೇಗೆ ಬಂತು ಎಂದು ಹೇಳುವುದಿಲ್ಲ. ಬೆಂಗಾವಲಿನಿಂದ ಬಂತು, ಬೆಂಗೆ ಮರದಿಂದ ಬಂತು ಎನ್ನುವವು ‘ಊ’. ಅನೇಕ ವಿಡಿಯೊಗಳು ‘ಬೆಂದಕಾಳೂರು ಸುಳ್ಳು’ ಎಂದು ಶಾಸನ ತೋರಿಸಿ, ಅದೇ ಉಸಿರಿನಲ್ಲಿ ‘ನಿಜವಾದ ಅರ್ಥ ಇದು’ ಎಂದು ಒಂದು ಊಹೆಯನ್ನು ಶಾಸನದ ಗೌರವದಲ್ಲಿ ಕೂರಿಸಿಬಿಡುತ್ತವೆ. ಕಮೆಂಟಿನಲ್ಲಿ ಜಗಳ ಹತ್ತುವುದು ಇಂಥ ಜಾಗದಲ್ಲಿಯೇ. ಶಾಸನದ ಬಗ್ಗೆ ತಕರಾರಿಲ್ಲದವರೂ ಊಹೆಗೆ ಎದುರಾಡುತ್ತಾರೆ, ನಿರೂಪಕರು ಅದನ್ನು ಶಾಸನಕ್ಕೇ ಮಾಡಿದ ಅವಮಾನ ಎಂದು ತಿಳಿದು ಉತ್ತರಿಸುತ್ತಾರೆ. ‘ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಹುಟ್ಟುಹಾಕಿದರು’ ಎಂಬ ವಾಕ್ಯದ್ದೂ ಇದೇ ಪಾಡು. ಕೋಟೆ, ಪೇಟೆ ಕಟ್ಟಿಸಿದರು ಎಂದಿದ್ದರೆ ತಕರಾರು ಏಳುತ್ತಿರಲಿಲ್ಲ.

ಇಸವಿ ಎಲ್ಲಿ ತಪ್ಪುತ್ತದೆ

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎನ್ನುವ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಶಕ ವರ್ಷ ಚೈತ್ರಕ್ಕೆ ಶುರುವಾಗುತ್ತದೆ. ಜನವರಿ 1 ಕಳೆದ ಮೇಲೆ ಬೀಳುವ ಮಾಘ, ಫಾಲ್ಗುಣದ ತಿಥಿಗಳಿಗೆ 79 ಕೂಡಿಸಬೇಕು, ಪುಷ್ಯವಾದರೆ ಪಂಚಾಂಗ ನೋಡಿಯೇ ತೀರ್ಮಾನಿಸಬೇಕು. ಬಾದಾಮಿಯ ಮೂರನೇ ಗುಹೆಯ ಮಂಗಳೇಶನ ಶಾಸನ ಶಕ 500ರ ಕಾರ್ತಿಕ ಹುಣ್ಣಿಮೆಯದು, ಹಾಗಾಗಿ ನೇರವಾಗಿ 578. ಐಹೊಳೆಯ ಮೇಗುತಿ ಗುಡಿಯ ರವಿಕೀರ್ತಿಯ ಶಾಸನ ಶಕ 556, ಅದನ್ನು 634–35 ಎಂದು ಬರೆಯುವುದು ವಾಡಿಕೆ. ಒಂದು ವಿಡಿಯೊ 634 ಎಂದು, ಇನ್ನೊಂದು 635 ಎಂದು ಹೇಳಿದರೆ ನೋಡುಗರು ‘ಇಬ್ಬರಲ್ಲಿ ಒಬ್ಬರು ಸುಳ್ಳು’ ಎಂದುಕೊಳ್ಳುತ್ತಾರೆ, ಅಸಲಿಗೆ ಎರಡೂ ಒಂದೇ ಶಕ ವರ್ಷದವು. ಇದೇ ಐಹೊಳೆ ಶಾಸನವನ್ನು ‘ಕನ್ನಡ ಶಾಸನ’ ಎಂದುಬಿಡುವುದೂ ಇದೆ. ಲಿಪಿ ಹಳಗನ್ನಡದ್ದು, ಭಾಷೆ ಸಂಸ್ಕೃತ. ಲಿಪಿ, ಭಾಷೆ ಎರಡನ್ನೂ ಬೇರೆಬೇರೆಯಾಗಿ ಹೇಳದ ವಿಡಿಯೊದ ಕೆಳಗೆ ಭಾಷಾ ಜಗಳ ಖಾತ್ರಿ.

ಹಲ್ಮಿಡಿ ಶಾಸನದಲ್ಲಿ ಇಸವಿಯೇ ಇಲ್ಲ. ಅಕ್ಷರಗಳ ರೂಪ, ಕದಂಬ ಕಾಕುಸ್ಥನ ಉಲ್ಲೇಖ ಇವುಗಳ ಬಲದಿಂದ ‘ಸುಮಾರು 450’ ಎನ್ನುತ್ತಾರೆ. ಪರದೆಯ ಮೇಲೆ ‘ಸುಮಾರು’ ಬಿಟ್ಟು ‘ಕ್ರಿ.ಶ. 450’ ಎಂದು ಹಾಕಿದಾಗ ಕಲ್ಲಿನಲ್ಲೇ ಬರೆದಿದೆ ಎಂಬ ಭಾವನೆ ಬರುತ್ತದೆ. ತಾಳಗುಂದದ ಉತ್ಖನನದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು 370ರದ್ದೆಂದು ಗುರುತಿಸಿದ ಮೇಲೆ, ಹಲ್ಮಿಡಿಯದೇ ಮೊದಲ ಕನ್ನಡ ಶಾಸನ ಎನ್ನುವ ಹಳೆಯ ವಿಡಿಯೊಗಳ ಕೆಳಗೆ ತಿದ್ದುಪಡಿಯ ಕಮೆಂಟುಗಳು ಬರತೊಡಗಿದವು. ಆದ್ದರಿಂದ ವಿಡಿಯೊ ಹಾಕಿದ ತಾರೀಖು, ಕಮೆಂಟಿನ ತಾರೀಖು ಎರಡನ್ನೂ ನಿಮ್ಮ ಪಟ್ಟಿಯಲ್ಲಿ ಬರೆಯಲೇಬೇಕು. ಮಾಡಿದ ಹೊತ್ತಿಗೆ ಸರಿಯಿದ್ದುದನ್ನು ಇವತ್ತಿನ ತಿಳಿವಿನಿಂದ ತಪ್ಪೆನ್ನುವುದು ನ್ಯಾಯವಲ್ಲ.

1565ರ ತಾಳಿಕೋಟೆ, ಅಂದರೆ ರಕ್ಕಸತಂಗಡಿ ಕದನದ ವಿಡಿಯೊಗಳಲ್ಲಿ ಅಳಿಯ ರಾಮರಾಯನನ್ನು ‘ವಿಜಯನಗರದ ಚಕ್ರವರ್ತಿ’ ಎನ್ನುವುದು ಮತ್ತೊಂದು ಬೇರೂರಿದ ತಪ್ಪು. ಪಟ್ಟದಲ್ಲಿದ್ದವನು ಸದಾಶಿವರಾಯ, ಅಧಿಕಾರ ರಾಮರಾಯನ ಕೈಯಲ್ಲಿತ್ತು.

ಕಲ್ಲನ್ನು ತೋರಿಸುವ ರೀತಿ

ಶಾಸನದ ಅಕ್ಷರ ಕಾಣಬೇಕಾದರೆ ಬೆಳಕು ಪಕ್ಕದಿಂದ, ಕಲ್ಲಿನ ಮೈಗೆ ಬಹುತೇಕ ಒರಗಿಕೊಂಡಂತೆ ಬೀಳಬೇಕು. ಬೆಳಗಿನ, ಸಂಜೆಯ ಬಿಸಿಲು ಒಳ್ಳೆಯದು. ಇಲ್ಲವಾದರೆ ಕಲ್ಲಿಗೆ ನೆರಳು ಮಾಡಿ, ಟಾರ್ಚನ್ನು ಒಂದು ಅಂಚಿನಲ್ಲಿ ಹಿಡಿದು ನಿಧಾನವಾಗಿ ಮೇಲಿಂದ ಕೆಳಗೆ ಇಳಿಸಿ. ಕೊರೆದ ಗೆರೆಯಲ್ಲಿ ನೆರಳು ತುಂಬಿಕೊಂಡು, ಬರಿಗಣ್ಣಿಗೆ ಸಪಾಟಾಗಿದ್ದ ಕಡೆ ಸಾಲು ಮೂಡುತ್ತದೆ. ನಡುಹಗಲಿನ ಬಿಸಿಲಾಗಲಿ ಎದುರಿನಿಂದ ಹಾಕಿದ ಫ್ಲಾಶ್ ಆಗಲಿ ಅಕ್ಷರವನ್ನು ಅಳಿಸಿದಂತೆಯೇ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತೀಡುವುದು, ಎಣ್ಣೆ ಸವರುವುದು ಬೇಡವೇ ಬೇಡ. ಕಲ್ಲಿಗೂ ಕೇಡು, ತೀಡಿದವರು ಓದಿದ್ದೇ ಕಲ್ಲಿನಲ್ಲಿರುವುದೆಂದು ನೋಡುಗರೂ ನಂಬುತ್ತಾರೆ.

ಶಾಸನದ ಪಾಠವನ್ನು, ಅಂದರೆ ಕಲ್ಲಿನಲ್ಲಿರುವ ಬರಹವನ್ನು, ಪರದೆಯ ಮೇಲೆ ಹಾಕಿದರೆ ಎರಡು ಸಲ ಗಟ್ಟಿಯಾಗಿ ಓದುವಷ್ಟು ಹೊತ್ತು ನಿಲ್ಲಿಸಬೇಕು. ಹಿನ್ನೆಲೆ ಸಂಗೀತ ಮಾತಿಗಿಂತ 18–20 ಡೆಸಿಬಲ್ ಕೆಳಗಿರಲಿ. ‘ಮ್ಯೂಸಿಕ್ ಕಡಿಮೆ ಮಾಡಿ’ ಎನ್ನುವ ಕಮೆಂಟನ್ನು ವಿಷಯಕ್ಕೆ ಸಂಬಂಧವಿಲ್ಲದ್ದೆಂದು ಕಿತ್ತುಹಾಕಬೇಡಿ, ಹೆಸರುಗಳು ಕೇಳದೆ ಹೋದವೆಂಬ ದೂರು ಅದು. ಚಾನೆಲಿನವರು ತಮ್ಮ ಯೂಟ್ಯೂಬ್ ಸ್ಟುಡಿಯೋದ ರಿಟೆನ್ಷನ್ ಗ್ರಾಫ್ (ವಿಡಿಯೊದ ಯಾವ ಭಾಗವನ್ನು ಎಷ್ಟು ಜನ ನೋಡಿದರೆಂದು ತೋರಿಸುವ ಗೆರೆ) ಕೊಟ್ಟರೆ, ಪಾಠ ಬರುವ ಸೆಕೆಂಡುಗಳಲ್ಲಿ ಗೆರೆ ಮೇಲೆದ್ದಿದೆಯೇ ನೋಡಿ. ಎದ್ದಿದ್ದರೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ. ಆಸಕ್ತಿಯಿಂದಲೂ ಇರಬಹುದು, ಬೇಗ ಸರಿದುಹೋಯಿತೆಂದೂ ಇರಬಹುದು. ಯಾವುದೆಂದು ಕಮೆಂಟು ನೋಡಿಯೇ ತಿಳಿಯಬೇಕು.

ಕಮೆಂಟು ಆರಿಸುವುದು

‘ಟಾಪ್’ ಎಂಬ ಕ್ರಮದಲ್ಲಿ ಓದಿದರೆ ಲೈಕು, ಮರುಮಾತು ಹೆಚ್ಚಿದ್ದವೇ ಮೇಲೆ ಬಂದು ಕೂರುತ್ತವೆ, ಅಂದರೆ ಹೊಗಳಿಕೆ ಮತ್ತು ಜಗಳ. ‘ನ್ಯೂಯೆಸ್ಟ್’ಗೆ ಬದಲಿಸಿ, ಪ್ರತಿ ಐದನೆಯದನ್ನು ಎತ್ತಿಕೊಳ್ಳಿ. 200 ಕಮೆಂಟು ಸಿಕ್ಕರೆ ಒಂದು ಸಣ್ಣ ಪ್ರಬಂಧಕ್ಕೆ ಸಾಕು. ಮರುಮಾತುಗಳನ್ನು ಬೇರೆ ಹಾಳೆಯಲ್ಲಿಡಿ, ಇಬ್ಬರ ನಡುವಿನ 40 ಮರುಮಾತು 40 ನೋಡುಗರ ಅಭಿಪ್ರಾಯವಲ್ಲ.

ಕನ್ನಡ ಪದ ಹಾಕಿ ಹುಡುಕಿದರೆ ಸಾಲದು. ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ, ‘ಶಾಸನ’ ಎನ್ನುವ ಒಂದೇ ಪದ ನಾಲ್ಕು ಬಗೆಯ ಕಾಗುಣಿತದಲ್ಲಿ ಬರುತ್ತದೆ. ಕಣ್ಣಿನಿಂದ ಓದುವುದೇ ದಾರಿ. ಚಾನೆಲಿನವರು ಅಳಿಸಿದ್ದು, ಪರಿಶೀಲನೆಗೆಂದು ತಡೆದಿಟ್ಟದ್ದು, ನಿಷೇಧಿತ ಪದಪಟ್ಟಿಯಲ್ಲಿ ಸಿಕ್ಕಿಬಿದ್ದದ್ದು ನಿಮಗೆ ಕಾಣುವುದೇ ಇಲ್ಲ. ಜಾತಿಯ ಹೆಸರನ್ನು ಆ ಪಟ್ಟಿಗೆ ಹಾಕಿದ್ದರೆ ‘ಈ ಅರಸ ಯಾವ ಕುಲದವನು’ ಎಂಬ ವಾದವೇ ನಡೆದಿಲ್ಲವೆಂದು ತೋರುತ್ತದೆ. ‘ಉಳಿದ ಕಮೆಂಟುಗಳಲ್ಲಿ’ ಎಂದೇ ಬರೆಯಿರಿ. ಡಿಸ್‌ಲೈಕ್ ಎಣಿಕೆ ನವೆಂಬರ್ 2021ರಿಂದ ಹೊರಗಿನವರಿಗೆ ಕಾಣುವುದಿಲ್ಲ, ಹಾಗಾಗಿ ಲೈಕು, ಡಿಸ್‌ಲೈಕು ಹೋಲಿಸುವ ಕೋಷ್ಟಕ ಕೈಬಿಡಿ.

ವಿಂಗಡಣೆಗೆ ಆರು ಗುಂಪು ಸಾಕಾಗುತ್ತದೆ: ಬರೀ ಮೆಚ್ಚುಗೆ, ಆಧಾರ ಕೇಳಿದ್ದು, ಆಧಾರ ಕೊಟ್ಟು ತಿದ್ದಿದ್ದು, ಆಧಾರವಿಲ್ಲದೆ ಅಲ್ಲಗಳೆದದ್ದು, ತಮ್ಮೂರಿನ ಮಾಹಿತಿ ಕೊಟ್ಟದ್ದು, ಹಕ್ಕುಸ್ಥಾಪನೆ. ಕೊನೆಯದೆಂದರೆ ಅರಸ ನಮ್ಮವನು, ನಮ್ಮ ಭಾಷೆಯವನು, ನಮ್ಮ ಜಿಲ್ಲೆಯವನು ಎನ್ನುವಂಥವು. ಹರಿಹರ, ಬುಕ್ಕರ ಮೂಲ ಕನ್ನಡವೋ ತೆಲುಗೋ ಎನ್ನುವ ವಾದ ವಿಜಯನಗರದ ವಿಡಿಯೊಗಳ ಕೆಳಗೆ ಮತ್ತೆಮತ್ತೆ ಬರುತ್ತದೆ. ಅದನ್ನು ದ್ವೇಷದ ಮಾತಿನ ಜೊತೆ ಕಲಸಬೇಡಿ, ಅದರ ಹಿಂದೆ ವಿದ್ವಾಂಸರ ನಡುವೆಯೂ ಇರುವ ಭಿನ್ನಾಭಿಪ್ರಾಯವಿದೆ.

ಒಂದೇ ಕಮೆಂಟನ್ನು ಇಬ್ಬರು ಬೇರೆಬೇರೆ ಕೂತು ವಿಂಗಡಿಸಿ. 200ರಲ್ಲಿ 168 ಹೊಂದಿದರೆ 84%. ಉಳಿದ 32ನ್ನು ಮಾತಾಡಿ ಸರಿಪಡಿಸುವ ಮೊದಲು ಅವು ಯಾವ ಎರಡು ಗುಂಪಿನ ನಡುವೆ ಬಿದ್ದಿವೆ ನೋಡಿ. ‘ಸರ್, ನಮ್ಮ ತಾತ ಬೇರೆ ಥರ ಹೇಳ್ತಿದ್ರು’ ಎನ್ನುವುದು ಅಲ್ಲಗಳೆಯುವಿಕೆಯೋ ಊರಿನ ಮಾಹಿತಿಯೋ? ಇಂಥವೇ ಹೆಚ್ಚಿದ್ದರೆ ತಪ್ಪು ವಿಂಗಡಿಸಿದವರದಲ್ಲ, ಗುಂಪಿನ ವ್ಯಾಖ್ಯೆಯದು. ಐತಿಹ್ಯಕ್ಕೆ ಏಳನೇ ಗುಂಪು ಮಾಡಿ.

ತಿದ್ದುಪಡಿ ಮತ್ತು ಊರಿನ ಮಾಹಿತಿ

ಹಾಕಿದ ವಿಡಿಯೊವನ್ನು ಅದೇ ಕೊಂಡಿಯಲ್ಲಿ ಹೊಸದರಿಂದ ಬದಲಿಸಲು ಬರುವುದಿಲ್ಲ. ತಪ್ಪು ವಾಕ್ಯವನ್ನು ಎಡಿಟರ್‌ನಲ್ಲಿ ಕತ್ತರಿಸಬಹುದು. ತೆಗೆದು ಮತ್ತೆ ಹಾಕಿದರೆ ಹಳೆಯ ಕಮೆಂಟುಗಳೆಲ್ಲ ಹೋಗುತ್ತವೆ, ತಿದ್ದಿದವರ ಮಾತೂ ಅದರ ಜೊತೆ ಹೋಗುತ್ತದೆ. ವಿವರಣೆಯಲ್ಲಿ ‘ಕರೆಕ್ಷನ್’ ಎಂಬ ಪದವನ್ನು ಇಂಗ್ಲಿಷಿನಲ್ಲೇ ಬರೆದು, ಕೆಳಗೆ ಸಮಯ, ಅದರ ಮುಂದೆ ಕನ್ನಡದಲ್ಲಿ ತಿದ್ದುಪಡಿ ಕೊಟ್ಟರೆ ಆ ಹೊತ್ತಿಗೆ ಪರದೆಯ ಮೂಲೆಯಲ್ಲಿ ಸೂಚನೆ ಮೂಡುತ್ತದೆ. ಆ ಪದವನ್ನು ಕನ್ನಡದಲ್ಲಿ ಬರೆದರೆ ಕೆಲಸ ಮಾಡುವುದಿಲ್ಲ. ತಿದ್ದಿದ ನೋಡುಗರ ಕಮೆಂಟನ್ನೇ ಪಿನ್ ಮಾಡುವುದು ಇನ್ನೂ ಒಳ್ಳೆಯದು. ಅಧ್ಯಯನ ಮಾಡುವವರು ಯಾವ ಚಾನೆಲ್ ತಿದ್ದುಪಡಿಯನ್ನು ಎಲ್ಲಿ ತೋರಿಸಿದೆ ಎಂದು ಬೇರೆ ಕಾಲಮ್ಮಿನಲ್ಲಿ ಬರೆದಿಡಿ.

‘ನಮ್ಮೂರ ಕೆರೆ ಏರಿ ಮೇಲೂ ಇಂಥ ಕಲ್ಲು ಇದೆ’ ಎನ್ನುವ ಕಮೆಂಟು ಇಡೀ ಸಂಗ್ರಹದಲ್ಲೇ ಅಪರೂಪದ್ದು, ಬಹಳ ಜೋಪಾನವಾಗಿ ನೋಡಬೇಕಾದದ್ದು. ಊರು, ಹೋಬಳಿ, ತಾಲ್ಲೂಕು ಕೇಳಿಕೊಂಡು ಮೊದಲು ಪ್ರಕಟಿತ ಸಂಪುಟಗಳಲ್ಲಿ ಹುಡುಕಿ. ಹಳೆ ಮೈಸೂರು ಮತ್ತು ಕೊಡಗಿಗೆ ಎಪಿಗ್ರಾಫಿಯಾ ಕರ್ನಾಟಿಕಾ, ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ಕಿತ್ತೂರು ಕರ್ನಾಟಕಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 11, 15, 18, 20ನೇ ಸಂಪುಟ, ಉಳಿದದ್ದಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು. ಹಳೆಯ ಸಂಪುಟಗಳಲ್ಲಿ ಜಿಲ್ಲೆ ಹಳೆಯದೇ ಇರುತ್ತದೆ ಎಂಬುದು ನೆನಪಿರಲಿ. ಚನ್ನಪಟ್ಟಣ, ಮಾಗಡಿಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ 9ನೇ ಸಂಪುಟದಲ್ಲಿ ಸಿಗುತ್ತವೆ. ಎಲ್ಲಿಯೂ ಇಲ್ಲವಾದರೆ ಫೋಟೊ ಸಮೇತ ರಾಜ್ಯದ ಪುರಾತತ್ವ ಇಲಾಖೆಗೆ ಬರೆಯಲು ಆ ನೋಡುಗರಿಗೇ ಹೇಳಿ. ಮತ್ತು ನಿಮ್ಮ ಪ್ರಬಂಧದಲ್ಲಾಗಲಿ ವಿಡಿಯೊದಲ್ಲಾಗಲಿ ಕಾವಲಿಲ್ಲದ ಕಲ್ಲಿನ ನಿಖರ ಜಾಗ ಹಾಕಬೇಡಿ. ಶಾಸನವನ್ನು ನಿಧಿಯ ಗುರುತೆಂದು ನಂಬಿ ರಾತ್ರೋರಾತ್ರಿ ಬುಡ ಅಗೆಯುವವರು ಈಗಲೂ ಇದ್ದಾರೆ. ತಾಲ್ಲೂಕಿನ ಹೆಸರಿಗೆ ನಿಲ್ಲಿಸಿ, ಜಿಪಿಎಸ್ ಅಳಿಸಿದ ಫೋಟೊವನ್ನಷ್ಟೇ ಬಳಸಿ.