ಬೆಳಕಿಗೂ ಸಿಗದ ಗೀರು

ಮೇಸ್ತ್ರಿ ಕೊನೆಗೆ ಚೆಲ್ಲುವ ಬಿಳಿ ಪುಡಿಯಲ್ಲೇ ಮಾರ್ಬಲ್ಲಿನ ಹೊಳಪೆಲ್ಲ ಇದೆ ಅಂತ ಬೆಂಗಳೂರಲ್ಲಿ ಮನೆ ಕಟ್ಟಿಸುವ ಬಹಳ ಮಂದಿ ನಂಬಿರುತ್ತಾರೆ. ಪುಡಿಗೆ ಮುಂಚಿನ ಉಜ್ಜಾಟ ನೋಡಲು ಮಾತ್ರ ಯಾರೂ ಹೋಗುವುದಿಲ್ಲ.

ಹೊಳಪು ಅಂದರೆ ಗೀರಿನ ಗಾತ್ರದ ಲೆಕ್ಕ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನೆಲದ ಉಬ್ಬುತಗ್ಗು ಅದಕ್ಕಿಂತ ಎಷ್ಟೋ ಸಣ್ಣದಿದ್ದರೆ ಕಿರಣಗಳೆಲ್ಲ ಒಂದೇ ಕಡೆ ಪುಟಿದು ಬಿಂಬ ಮೂಡುತ್ತದೆ. ಇಲ್ಲವೆಂದರೆ ಚೆಲ್ಲಾಪಿಲ್ಲಿ, ನೆಲ ಮಂಕು. ಉತ್ತ ಹೊಲಕ್ಕೆ ಎಸೆದ ಚೆಂಡು ಎತ್ತ ಹಾರೀತೋ ಹೇಳಲಾಗದು, ಸಾರಿಸಿದ ಕಣದಲ್ಲಿ ಹೇಳಬಹುದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಸ್ಕೂಟರನ್ನು ಕುಣಿಸುವ ಜಲ್ಲಿ ರೋಡ್ ರೋಲರಿಗೆ ಗೊತ್ತೇ ಆಗುವುದಿಲ್ಲ. ಬೆಳಕಿನ ಅಲೆಯೇ ಆ ರೋಲರು. ಉಜ್ಜಿದರೆ ಗೀರು ಮಾಯವಾಗುವುದಿಲ್ಲ, ಕಾಣದಷ್ಟು ಸಣ್ಣದಾಗುತ್ತದೆ ಎಂದು ಗಾಜಿನ ವಿಚಾರದಲ್ಲಿ ನ್ಯೂಟನ್ 1704ರಲ್ಲೇ ಬರೆದಿದ್ದ.

60ನೇ ನಂಬರಿನ ಸಾಣೆಕಲ್ಲಿನ ಹರಳು ಸುಮಾರು ಕಾಲು ಮಿಲಿಮೀಟರ್. ಅದು ಕಲ್ಲುಗಳ ಏರುಪೇರು ಮಟ್ಟ ಮಾಡಿ ತನ್ನ ಗೀರು ಬಿಟ್ಟುಹೋಗುತ್ತದೆ. 120 ಬಂದು ಅದನ್ನು ಅಳಿಸಿ ತನ್ನದನ್ನು ಬಿಡುತ್ತದೆ. ಆಮೇಲೆ 220, 400, 800: ನಂಬರ್ ಏರಿದಷ್ಟೂ ಹರಳು ಸಣ್ಣ, ಗೀರೂ ಸಣ್ಣ. 120ರಿಂದ ಸೀದಾ 400ಕ್ಕೆ ಹಾರಿದರೆ ಗೀರಿನ ದಂಡೆ ನುಣುಪಾಗುತ್ತದೆ, ಹಳ್ಳ ಹಾಗೇ ಉಳಿಯುತ್ತದೆ. ತೇಪೆ ತೇಪೆ ಹೊಳಪಿಗೆ ಇದೇ ಮುಖ್ಯ ಕಾರಣ. ಪ್ರತಿ ನಂಬರ್ ಮುಗಿದಾಗ ರಾಡಿಯನ್ನು ಪೂರ್ತಿ ತೊಳೆಯಬೇಕು: 60ರ ಒಂದೇ ಒಂದು ಹರಳು 800ರ ಕೆಳಗೆ ಸಿಕ್ಕಿಕೊಂಡರೂ ಸುರುಳಿ ಸುರುಳಿ ಗೀರು. ಗೋಡೆಯಂಚಿಗೆ ದೊಡ್ಡ ಮಷೀನ್ ಹೋಗುವುದಿಲ್ಲ. ಅಲ್ಲಿ ಕೈಮಷೀನಿನಲ್ಲೂ ಎಲ್ಲ ನಂಬರ್ ಹಾಕಿಸದಿದ್ದರೆ ನಾಲ್ಕು ಬೆರಳಗಲದ ಮಂಕು ಪಟ್ಟಿ ಖಾಯಂ.

ಮೇಸ್ತ್ರಿ ಕೊನೆಗೆ ಚೆಲ್ಲುವ ಆ ಬಿಳಿ ಪುಡಿ ಸಾಮಾನ್ಯವಾಗಿ ಆಕ್ಸಾಲಿಕ್ ಆಮ್ಲ (ವಿಷ, ಕೈಗವಸು ಬೇಕು). ಕಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಲ್ಲಿ ಕರಗದ ಆಕ್ಸಲೇಟ್ ಆಗುತ್ತದೆ. 800 ದಾಟಿದ ನೆಲಕ್ಕೆ ಅದು ಮೆರುಗು ಕೊಟ್ಟೀತು, 220ಕ್ಕೆ ನಿಂತ ನೆಲದ ಗೀರನ್ನು ಮುಚ್ಚಲಾರದು.

ಕಲೆ ತೆಗೆಯಲು ಹಿತ್ತಾಳೆಗೆ ಒಗ್ಗುವ ಹುಣಸೆಹಣ್ಣು, ನಿಂಬೆಯ ಹುಳಿ ಇಲ್ಲಿ ಬೇಡವೇ ಬೇಡ. ಬೋರ್‌ವೆಲ್ ನೀರು ಒಣಗಿ ಕೂರುವ ಬಿಳಿ ಕಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಕೆಳಗಿನ ಮಾರ್ಬಲ್ಲೂ ಅದೇ. ಕಲೆ ತಿನ್ನುವ ಆಸಿಡ್ ನೆಲವನ್ನು ಬಿಟ್ಟೀತೆ?

ಓರೆಯಾಗಿ ನೋಡಿದರೆ ಒರಟು ನೆಲವೂ ಹೊಳೆಯುತ್ತದೆ, ಹಾಗಾಗಿ ಬಾಗಿಲಲ್ಲಿ ನಿಂತು ಒಪ್ಪಿಕೊಳ್ಳಬೇಡಿ. ಟ್ಯೂಬ್‌ಲೈಟ್ ಹಾಕಿಸಿ, ಹತ್ತಿರ ಹೋಗಿ ಆದಷ್ಟು ನೇರ ಕೆಳಗೆ ನೋಡಿ. ಬಿಂಬದ ಅಂಚು ಎಲ್ಲಿ ಕಲಸಿಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, 220ರಿಂದ ಮತ್ತೆ ಶುರುಮಾಡಿಸಿ.