ಆ್ಯಂಟಿವೈರಸ್‌ಗೆ ದುಡ್ಡು ಕಟ್ಟುವ ಮೊದಲು

ಹೊಸ ಲ್ಯಾಪ್‌ಟಾಪ್ ಕೊಂಡರೆ ಬಹಳ ಸಲ ತಯಾರಕರೇ ಹಾಕಿಕೊಟ್ಟ ಆ್ಯಂಟಿವೈರಸ್ ಒಂದು ಅದರಲ್ಲಿ ಇರುತ್ತದೆ. ಕೆಲವು ವಾರ ಅಥವಾ ತಿಂಗಳು ಪುಕ್ಕಟೆ ಓಡುತ್ತದೆ, ಆಮೇಲೆ 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂದು ಕೆಂಪು ಅಕ್ಷರದಲ್ಲಿ ಕಾಡಲು ಶುರುಮಾಡುತ್ತದೆ. ಕೆಲವರು ಹೆದರಿ ದುಡ್ಡು ಕಟ್ಟುತ್ತಾರೆ, ಉಳಿದವರು ಆ ಕಿಟಕಿ ಮುಚ್ಚಿ ಸುಮ್ಮನಾಗುತ್ತಾರೆ. ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವವರು ಸುಮ್ಮನಾದವರೇ.

ಕಾರಣ ಇದು. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಪುಕ್ಕಟೆ ಆ್ಯಂಟಿವೈರಸ್ ಹುಟ್ಟಿನಿಂದಲೇ ಇರುತ್ತದೆ. ಬೇರೆ ಆ್ಯಂಟಿವೈರಸ್ ಬಂದು ಕೂತ ಕೂಡಲೇ ಅದು ತಾನಾಗಿ ಬದಿಗೆ ಸರಿಯುತ್ತದೆ. ಬಂದವನ ಅವಧಿ ಮುಗಿದ ಮೇಲೆ ಡಿಫೆಂಡರ್ ಮತ್ತೆ ಏಳಬೇಕು, ಆದರೆ ಅದು ಅದೇ ದಿನ ಆಗಿಯೇ ತೀರುತ್ತದೆ ಎಂದು ನಂಬಿ ಕೂರಬಾರದು. ನಡುವಿನ ದಿನಗಳಲ್ಲಿ ಅಪ್‌ಡೇಟ್ ನಿಂತುಹೋದ ಕಾವಲುಗಾರ ಮಾತ್ರ ಬಾಗಿಲಲ್ಲಿರುತ್ತಾನೆ. ಆದ್ದರಿಂದ ನವೀಕರಿಸುವುದಿಲ್ಲ ಎಂದು ತೀರ್ಮಾನಿಸಿದ ದಿನವೇ ಸೆಟ್ಟಿಂಗ್ಸ್‌ನ 'ಆ್ಯಪ್ಸ್' ಪಟ್ಟಿಗೆ ಹೋಗಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಬಳಿಕ 'ವಿಂಡೋಸ್ ಸೆಕ್ಯೂರಿಟಿ' ತೆರೆದು, 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಅಡಿಯಲ್ಲಿ ರಿಯಲ್‌ಟೈಮ್ ರಕ್ಷಣೆ (ಸದಾ ಕಣ್ಣಿಟ್ಟಿರುವ ಕಾವಲು) ಆನ್ ಆಗಿದೆಯೇ ನೋಡಿ. ಆಗಿಲ್ಲವೆಂದರೆ ಹಳೆಯದರ ಚೂರುಗಳು ಒಳಗೆ ಉಳಿದಿರಬಹುದು. ಅವನ್ನು ತೆಗೆಯಲೆಂದೇ ಹೆಚ್ಚಿನ ಕಂಪನಿಗಳು ತಮ್ಮ ಜಾಲತಾಣದಲ್ಲಿ ರಿಮೂವಲ್ ಟೂಲ್ ಇಟ್ಟಿರುತ್ತವೆ.

ಈಗ ಪುಕ್ಕಟೆಯೋ ದುಡ್ಡಿನದೋ ಎಂಬ ಪ್ರಶ್ನೆ. ವೈರಸ್ ಹಿಡಿಯುವ ಎಂಜಿನ್‌ನಲ್ಲಿ ಇವೆರಡಕ್ಕೂ ಇರುವ ಅಂತರ ಜನ ಅಂದುಕೊಂಡಷ್ಟಿಲ್ಲ. ಒಂದೇ ಕಂಪನಿ ಎರಡೂ ಆವೃತ್ತಿ ಕೊಡುತ್ತಿದ್ದರೆ ಒಳಗಿನ ಎಂಜಿನ್ ಸಾಮಾನ್ಯವಾಗಿ ಒಂದೇ. ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ಎಂಬ ನಾಲ್ಕು ಹೆಸರುಗಳೂ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಸಂಸ್ಥೆಯವು. ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯ ರಕ್ಷಣೆ, ವೇಗ, ಬಳಕೆಯ ಸಲೀಸು ಈ ಮೂರಕ್ಕೆ ತಲಾ 6ರಂತೆ 18 ಅಂಕ ಕೊಡುತ್ತದೆ. ಅದರ ಪಟ್ಟಿಯಲ್ಲಿ ಡಿಫೆಂಡರ್ ಕೆಲವು ವರ್ಷಗಳಿಂದ ದುಡ್ಡಿನ ಆ್ಯಂಟಿವೈರಸ್‌ಗಳ ಸಾಲಿನಲ್ಲೇ ಇದೆ. ಇಂಥ ವರದಿ ಓದುವಾಗ ರಕ್ಷಣೆಯ ಅಂಕಕ್ಕಿಂತ 'ಫಾಲ್ಸ್ ಪಾಸಿಟಿವ್' ಕಾಲಂ ನೋಡಿ. ಒಳ್ಳೆಯ ಫೈಲನ್ನೇ ಕಳ್ಳನೆಂದು ಹಿಡಿಯುವ ಆ್ಯಂಟಿವೈರಸ್ ಇದ್ದರೆ ಮನೆಮಂದಿ ಬೇಸತ್ತು ಅದನ್ನು ಆಫ್ ಮಾಡುತ್ತಾರೆ, ಅಲ್ಲಿಗೆ ಅದರ ಅಂಕಗಳೆಲ್ಲ ವ್ಯರ್ಥ.

ಡಿಫೆಂಡರ್‌ಗಿರುವ ನಿಜವಾದ ಕೊರತೆ ಬೇರೆ. ಅದು ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ತಲುಪುವ ಕಂಪನಿಯ ಸರ್ವರ್‌ಗಳ ಮೇಲೆ ಬಹಳ ನೆಚ್ಚಿಕೊಂಡಿದೆ. ಇಂಟರ್ನೆಟ್ ಇಲ್ಲದೆ, ಪೆನ್‌ಡ್ರೈವ್‌ನಲ್ಲೇ ಫೈಲ್ ಓಡಾಡುವ ಕಂಪ್ಯೂಟರ್‌ನಲ್ಲಿ ಅದರ ಪತ್ತೆಶಕ್ತಿ ತಗ್ಗುತ್ತದೆ. ಅಂಥ ಕಡೆ ಆಫ್‌ಲೈನ್ ಪರೀಕ್ಷೆಯಲ್ಲಿ ಮುಂದಿರುವ ಬೇರೊಂದನ್ನು ಕೊಳ್ಳುವುದು ನ್ಯಾಯವಾದ ಖರ್ಚು.

ಪುಕ್ಕಟೆ ಆವೃತ್ತಿ ಇಳಿಸಿಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ? ದುಡ್ಡಿನ ಆವೃತ್ತಿ ಮಾರಿ ಬರುತ್ತಿದ್ದರೆ ಅಡ್ಡಿಯಿಲ್ಲ, ಜಾಹೀರಾತಿನ ಕಿರಿಕಿರಿ ಸಹಿಸಿದರಾಯಿತು. ಆದರೆ ಅವಾಸ್ಟ್ ತನ್ನ ಬಳಕೆದಾರರು ಬ್ರೌಸರ್‌ನಲ್ಲಿ ಎಲ್ಲೆಲ್ಲಿ ಓಡಾಡಿದರು ಎಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯಿಂದ 1.65 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಇನ್‌ಸ್ಟಾಲ್ ಮಾಡುವಾಗ 'ಡೇಟಾ ಹಂಚಿಕೊಳ್ಳಲು ಒಪ್ಪಿಗೆ' ಎಂಬ ಟಿಕ್ ತೆಗೆಯಿರಿ, ಬ್ರೌಸರ್ ಎಕ್ಸ್‌ಟೆನ್ಷನ್ ಬೇಡವೆನ್ನಿ.

ಎರಡು ಆ್ಯಂಟಿವೈರಸ್ ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಪ್ರತಿ ಫೈಲ್ ತೆರೆಯುವಾಗಲೂ ಇಬ್ಬರೂ ಅಡ್ಡ ನಿಂತು ತಪಾಸಣೆ ಮಾಡುತ್ತಾರೆ, ಒಬ್ಬರು ಹಿಡಿದು ಪ್ರತ್ಯೇಕವಾಗಿಟ್ಟ (ಕ್ವಾರಂಟೈನ್) ಫೈಲನ್ನು ಇನ್ನೊಬ್ಬರು ವೈರಸ್ ಎನ್ನುತ್ತಾರೆ, ಕಂಪ್ಯೂಟರ್ ಏದುಸಿರು ಬಿಡುತ್ತದೆ. ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿಯಂತೆ ಕರೆದಾಗ ಮಾತ್ರ ಸ್ಕ್ಯಾನ್ ಮಾಡುವುದನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು.

ಡಿಫೆಂಡರ್ ಸಾಕು ಎಂದು ನಿರ್ಧರಿಸಿದವರು ಅರ್ಧ ಗಂಟೆ ಅದರ ಸೆಟ್ಟಿಂಗ್‌ಗೆ ಕೊಡಲೇಬೇಕು. 'ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್' ಮತ್ತು ಡಿಫೆಂಡರ್‌ನ ಸೆಟ್ಟಿಂಗನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ತಡೆಯುವ 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಇರಲಿ. 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್' ಒಳಗೆ 'ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್' ತಡೆಯುವ ಎರಡೂ ಟಿಕ್ ಹಾಕಿ, ಟೂಲ್‌ಬಾರ್‌ಗಳ ಮತ್ತು 'ಪಿಸಿ ಕ್ಲೀನರ್'ಗಳ ಕಾಟ ಅಲ್ಲೇ ಬಹುಪಾಲು ನಿಲ್ಲುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್'. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಫೋಲ್ಡರ್‌ಗಳನ್ನು ಪರಿಚಯವಿಲ್ಲದ ಪ್ರೋಗ್ರಾಂಗಳು ತಿದ್ದದಂತೆ ಇದು ತಡೆಯುತ್ತದೆ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಇದು ನೇರ ಅಡ್ಡಿ, ಆದರೂ ವಿಂಡೋಸ್ ಇದನ್ನು ಆಫ್ ಇಟ್ಟೇ ಕೊಡುತ್ತದೆ. ಆನ್ ಮಾಡಿದ ಮೊದಲ ವಾರ ತುಸು ಕಿರಿಕಿರಿ ಇರುತ್ತದೆ. ಗೇಮ್ ಸೇವ್ ಆಗುವುದಿಲ್ಲ, ಫೋಟೋ ತಿದ್ದುವ ಪ್ರೋಗ್ರಾಂ 'ಫೈಲ್ ಸಿಗಲಿಲ್ಲ' ಎಂಬ ಸಂಬಂಧವಿಲ್ಲದ ತಪ್ಪು ತೋರಿಸುತ್ತದೆ. ಆಗ ಸೌಲಭ್ಯವನ್ನೇ ಆಫ್ ಮಾಡಬೇಡಿ. 'ಬ್ಲಾಕ್ ಹಿಸ್ಟರಿ'ಯಲ್ಲಿ ಆ ಪ್ರೋಗ್ರಾಂ ಯಾವುದೆಂದು ಗುರುತಿಸಿ, ನಿಮ್ಮದೇ ಆಗಿದ್ದರೆ ಅದಕ್ಕೊಂದಕ್ಕೆ ಅನುಮತಿ ಕೊಡಿ.

ದುಡ್ಡಿನ ಪ್ಯಾಕೇಜ್‌ನಲ್ಲಿ ಬರುವ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಮರೆಮಾಡುವ ಸೇವೆ), ಪಾಸ್‌ವರ್ಡ್ ಮ್ಯಾನೇಜರ್, ಮಕ್ಕಳ ನಿಯಂತ್ರಣ ಇವೆಲ್ಲ ಬಿಡಿಯಾಗಿ ಪುಕ್ಕಟೆಗೂ ಸಿಗುತ್ತವೆ. ಅಗ್ಗದ ಪ್ಯಾಕೇಜ್‌ನ ವಿಪಿಎನ್‌ಗೆ ದಿನದ ಡೇಟಾ ಮಿತಿ ಇರುವುದೂ ಉಂಟು, ಕೊಳ್ಳುವ ಮುನ್ನ ಓದಿ. ನಾಲ್ಕೈದು ಕಂಪ್ಯೂಟರ್, ಫೋನ್‌ಗಳನ್ನು ಒಬ್ಬರೇ ಒಂದೇ ಪರದೆಯಿಂದ ನೋಡಿಕೊಳ್ಳಬೇಕಾದ ಮನೆಗೆ, ತೊಂದರೆಯಾದಾಗ ಮಾತನಾಡಿಸಲು ಯಾರಾದರೂ ಬೇಕೇಬೇಕು ಎನ್ನುವ ಹಿರಿಯರಿಗೆ ಆ ದುಡ್ಡು ಸಾರ್ಥಕ. ಕೊಂಡರೆ ಅದೇ ದಿನ ಆಟೋ ರಿನ್ಯೂವಲ್ ಆಫ್ ಮಾಡಿ. ಮೊದಲ ವರ್ಷದ ಬೆಲೆ ಬಹಳ ಸಲ ರಿಯಾಯಿತಿಯದು, ಎರಡನೇ ವರ್ಷ ಕಾರ್ಡ್‌ನಿಂದ ಪೂರ್ತಿ ಬೆಲೆ ಹೋಗುತ್ತದೆ. 'ನಿಮ್ಮ ಆ್ಯಂಟಿವೈರಸ್ ನವೀಕರಣವಾಗಿದೆ, ಬೇಡವಾದರೆ ಈ ನಂಬರಿಗೆ ಕರೆ ಮಾಡಿ' ಎಂಬ ಇಮೇಲ್ ಹಳೆಯ ಮೋಸ. ಕರೆ ಮಾಡದೆ, ನಿಮ್ಮ ಖಾತೆಗೆ ನೇರ ಲಾಗಿನ್ ಆಗಿ ನೋಡಿ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರದೆ, ಅದರ ಬದಲು ದುಬಾರಿ ಆ್ಯಂಟಿವೈರಸ್ ಹಾಕಿಕೊಂಡರೆ ವಿಂಡೋಸ್‌ನಲ್ಲೇ ಇರುವ ಭದ್ರತೆಯ ತೂತು ಮುಚ್ಚುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಮಾರ್ಚ್‌ನಲ್ಲೇ ಬಿಡುಗಡೆಯಾಗಿದ್ದ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಹಾಕಿಕೊಳ್ಳದ ಯಂತ್ರಗಳ ಮೂಲಕ.

ಯಾವ ಆ್ಯಂಟಿವೈರಸ್ಸೂ ಪೂರ್ತಿ ತಡೆಯಲಾರದ್ದು ದುಡ್ಡಿನ ಸಾಫ್ಟ್‌ವೇರ್‌ನ ಬೀಗ ಮುರಿದು ಪುಕ್ಕಟೆ ಹಂಚುವ ಕ್ರ್ಯಾಕ್ ಸಾಫ್ಟ್‌ವೇರ್‌ನ ಹಾದಿ. ಅದು ಬಹಳ ಸಲ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಆಗಿ ಬರುತ್ತದೆ, ಅದರ ಒಳಗನ್ನು ಸ್ಕ್ಯಾನರ್ ನೋಡಲಾರದು. ಬಿಚ್ಚುವ ಮೊದಲು 'ಆ್ಯಂಟಿವೈರಸ್ ಆಫ್ ಮಾಡಿ' ಎಂದು ಅದನ್ನು ಹಂಚುವವರೇ ಸೂಚಿಸಿರುತ್ತಾರೆ. ಹೀಗೆ ಒಳಬರುವ ಕಳ್ಳ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಜೊತೆಗೆ ಲಾಗಿನ್ ಕುಕಿಗಳನ್ನೂ (ಮತ್ತೆ ಪಾಸ್‌ವರ್ಡ್ ಕೇಳದೆ ಒಳಬಿಡುವ ಗುರುತುಗಳು) ಒಯ್ಯುತ್ತಾನೆ. ಅನುಮಾನ ಬಂದರೆ ಬೇರೊಂದು ಸ್ವಚ್ಛ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, 'ಎಲ್ಲ ಸಾಧನಗಳಿಂದ ಲಾಗ್‌ಔಟ್' ಒತ್ತಿ. ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಕದ್ದ ಕುಕಿ ಕೆಲವು ಕಡೆ ಇನ್ನೂ ನಡೆಯುತ್ತಿರುತ್ತದೆ.

ವರ್ಷದ ಚಂದಾ ಉಳಿಸಿದವರು ಆ ಹಣವನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಸೇರಿಸಿ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದ ಮೇಲೆ ಕೇಬಲ್ ಕಿತ್ತಿಡಿ, ಜೋಡಿಸಿಯೇ ಇಟ್ಟ ಡಿಸ್ಕ್‌ಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ.

ಎಲ್ಲ ಮುಗಿದ ಮೇಲೆ ಆ್ಯಂಟಿವೈರಸ್ ಸಂಶೋಧಕರ ಐಕಾರ್ ಸಂಸ್ಥೆಯ ಜಾಲತಾಣದಿಂದ ಪರೀಕ್ಷಾ ಫೈಲ್ ಇಳಿಸಿ ನೋಡಿ. ಅದು ಕೇವಲ 68 ಅಕ್ಷರಗಳ ನಿರುಪದ್ರವಿ ಫೈಲ್, ವೈರಸ್ ಅಲ್ಲ, ಆದರೆ ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಆ್ಯಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಕೆಲವೇ ಕ್ಷಣಗಳಲ್ಲಿ ಎಚ್ಚರಿಕೆ ಬರಬೇಕು. ಬರದಿದ್ದರೆ ನಿಮ್ಮ ಆ್ಯಂಟಿವೈರಸ್ ಎಚ್ಚರವಾಗಿಲ್ಲ, ರಿಯಲ್‌ಟೈಮ್ ರಕ್ಷಣೆಯ ಸ್ವಿಚ್‌ನಿಂದ ಮತ್ತೆ ಶುರುಮಾಡಿ.